ಟಬ್ಬಿನಲ್ಲಿ ಹೂತ ಉಂಡೆ

ಜನ ಮೀನು ಸಾಕುತ್ತಾರೆ, ಗಿಳಿ ಸಾಕುತ್ತಾರೆ. ನಾನು ಸಗಣಿ ಹುಳ ಸಾಕುತ್ತೇನೆ ಎಂದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ತನಗಿಂತ ದೊಡ್ಡ ಸಗಣಿ ಉಂಡೆಯನ್ನು ಹಿಂಗಾಲಿನಲ್ಲಿ ನೂಕಿಕೊಂಡು ಹಿಂದುಹಿಂದಕ್ಕೆ ನಡೆಯುವ ಜೀವವನ್ನು ಅವರು ಕೂತು ನೋಡಿಲ್ಲ, ಅಷ್ಟೇ.

ಅಟ್ಟೂರಿನ ನಮ್ಮ ಮನೆಯ ಎದುರಿನ ಖಾಲಿ ಸೈಟುಗಳಲ್ಲಿ ಪಕ್ಕದ ಮನೆಯ ಅಜ್ಜಿ ತಮ್ಮ ಕೆಂಪು ಹಸುವನ್ನು ಮೇಯಿಸುತ್ತಿದ್ದರು. ಅದನ್ನು ಕೆಂಪಿ ಎಂದೇ ಕರೆಯುತ್ತಿದ್ದರು. ಅದು ಸಗಣಿ ಹಾಕಿದಲ್ಲೇ ನಾನು ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದೆ.

"ಊರೋರೆಲ್ಲ ನಮ್ ಅಸುವಿನ ಆಲು ಕೇಳ್ತಾರೆ, ಇವ್ಳು ನೋಡು, ಸಗಣಿ ಕಾಯ್ತಾಳೆ!" ಎಂದು ಅಜ್ಜಿ ನಗುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸೈಟುಗಳ ಸುತ್ತ ತಗಡಿನ ಬೇಲಿ ಬಂತು. ಮೇಯಿಸಲು ಜಾಗವಿಲ್ಲದೆ ಅಜ್ಜಿ ಕೆಂಪಿಯನ್ನು ಮಾರಿದರು. ಅದು ಟೆಂಪೋ ಹತ್ತಿದ ಬೆಳಗ್ಗೆ ಬೇಲಿಯ ಬುಡದಲ್ಲಿ ಒಂದು ಜೋಡಿ ಹುಳ ಉಂಡೆ ಉರುಳಿಸುತ್ತಿದ್ದುದು ಕಣ್ಣಿಗೆ ಬಿತ್ತು. ಉಂಡೆ ಸಮೇತ ಎತ್ತಿ ತಂದು ತಾರಸಿಯ ಮೇಲಿನ ಮಣ್ಣಿನ ಟಬ್ಬಿಗೆ ಬಿಟ್ಟೆ. ಸಂಜೆಯೊಳಗೆ ಉಂಡೆಯನ್ನು ಮಣ್ಣಿನಡಿಗೆ ಎಳೆದುಕೊಂಡವು. ಕೆಲವು ದಿನಗಳ ಮೇಲೆ ಎರಡೂ ಹೊರಬಂದು ಹಾರಿಹೋದವು. ಒಳಗೆ ಉಂಡೆ ಉಳಿಯಿತು. ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ, ಅಗೆದು ನೋಡುವಂತಿಲ್ಲ. ಉಂಡೆ ಒಡೆದರೆ ಮರಿ ಸಾಯುತ್ತದೆ.

ಈ ಹವ್ಯಾಸದ ಹಿಂಸೆಯೇ ಇದು. ಸಾಕಿದ್ದೇನೆ ಎನ್ನಬೇಕು, ಕಣ್ಣಿಗೆ ಮಾತ್ರ ಏನೂ ಕಾಣದು. ಚಳಿ ಹೋಯಿತು, ಬಿಸಿಲು ಬಂತು. ದಿನಾ ಒಂದಿಷ್ಟು ನೀರು ಚಿಮುಕಿಸಿ ಬರೀ ಮಣ್ಣನ್ನು ನೋಡುತ್ತ ಕೂರುತ್ತಿದ್ದೆ. ಬೇಲಿಯಾಚೆ ಜೆಸಿಬಿ ನೆಲ ಬಗೆಯುತ್ತಿತ್ತು. ಇನ್ನೊಂದು ಹುಳ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಒಂದೇ ಒಂದು ಸಲ ಹೊರಗೆ ಬಾರಪ್ಪ ಎಂದು ಜೀವ ಹಂಬಲಿಸುತ್ತಿತ್ತು.

ಅಜ್ಜಿಯೂ ಮೆಟ್ಟಿಲು ಹತ್ತಿ ಬರುತ್ತಿದ್ದರು. "ಬಂತೇನವ್ವ?"

"ಇಲ್ಲ ಅಜ್ಜಿ."

ಮಂಡಿನೋವಿನ ಅಜ್ಜಿಗೆ ನನ್ನ ಹುಚ್ಚು ಯಾವಾಗ ಅಂಟಿಕೊಂಡಿತೋ ತಿಳಿಯಲಿಲ್ಲ.

ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಟಬ್ಬಿನ ಮಣ್ಣು ಬಿರುಕು ಬಿಟ್ಟಿತ್ತು. ಕಪ್ಪು ಹುಳವೊಂದು ಮೈಗೆಲ್ಲ ಮಣ್ಣು ಮೆತ್ತಿಕೊಂಡು ನಿಂತಿತ್ತು. ನಾನು ಕೂಗಿದ ರಭಸಕ್ಕೆ ಅಜ್ಜಿ ಏದುಸಿರು ಬಿಡುತ್ತ ಬಂದರು. ಹುಳವನ್ನು ಅವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದೆ. ಅದು ಬೆರಳ ಸಂದಿಯಲ್ಲಿ ತಲೆ ತೂರಿಸಿ ನೂಕತೊಡಗಿತು.

"ಅಬ್ಬಾ, ಇಷ್ಟುದ್ದ ಇಲ್ಲ, ಏನ್ ಜೋರೈತೆ!"

ಬೆರಳು ಸಡಿಲಿಸಿದ್ದೇ ರೆಕ್ಕೆ ಬಿಚ್ಚಿ ಬೇಲಿಯಾಚೆಗೆ ಹಾರಿತು. ಸಗಣಿ ಹುಡುಕಿಕೊಂಡು ಎಷ್ಟು ದೂರ ಹೋಗಬೇಕೋ ಎಂದುಕೊಂಡಾಗ ನನಗೆ ಅಳು ಬಂತು. ಇಷ್ಟು ತಿಂಗಳು ಕಾದದ್ದು ಇಷ್ಟೇ ಹೊತ್ತಿಗೆ.

ಅಜ್ಜಿ ಅದು ಹೋದ ದಿಕ್ಕನ್ನು ನೋಡಲೇ ಇಲ್ಲ. ಟಬ್ಬಿಗೆ ಕೈ ಹಾಕಿ, ಮಣ್ಣು ಕೆದಕಿ, ತೂತು ಬಿದ್ದ ಉಂಡೆಯನ್ನು ಹೊರತೆಗೆದರು. ಒದ್ದೆಯಾದ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ನಮ್ ಕೆಂಪಿದು ಕಣವ್ವ," ಎಂದರು. "ಇದನ್ನ ನಂಗೆ ಕೊಟ್ಬಿಡ್ತೀಯಾ?"