ಬಿಸಿಲಿಗೆ ಎಂದ ಬೆವರು

ಅಪ್ಪ, ನಿನ್ನ ಬೆವರು ಬಿಸಿಲಿಗಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.

ಮಂಡ್ಯದ ಡಾಕ್ಟರು ನಿನ್ನನ್ನು ಹೊರಗೆ ಕೂರಿಸಿ ನನ್ನೊಬ್ಬನಿಗೇ ಹೇಳಿದ್ದರು — ರಕ್ತದ ಕ್ಯಾನ್ಸರು, ಆದರೆ ನಿಧಾನವಾಗಿ ಬೆಳೆಯುವಂಥದ್ದು; ಈಗಲೇ ಔಷಧಿ ಬೇಡ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ಕಾಯೋಣ. ರಾತ್ರಿ ಮೈ ಬೆವರಿದರೆ, ತೂಕ ಇಳಿದರೆ ಮಾತ್ರ ತಡಮಾಡದೆ ಕರೆತನ್ನಿ. ಕೆರಗೋಡಿಗೆ ಬರುವ ಬಸ್ಸಿನಲ್ಲಿ ಕಾಯಿಲೆಯ ಹೆಸರನ್ನೇನೋ ನಿನಗೆ ಹೇಳಿದೆ. "ಕಬ್ಬಿಗೆ ವಯಸ್ಸಾಗ್ಲಿ ಅಂತ ಕಾಯಲ್ವಾ, ಅಂಗೆ ಕಣಪ್ಪ. ಈಗ್ಲೇ ಕಡಿಯಂಗಿಲ್ಲ." ನೀನು ಒಪ್ಪಿಕೊಂಡೆ, ಕಾಯುವುದು ನಿನಗೆ ಹೊಸದಲ್ಲ. ಕಾಯುವಾಗ ಏನನ್ನು ನೋಡಬೇಕು ಎನ್ನುವುದನ್ನು ಮಾತ್ರ — ನಿನ್ನನ್ನು ಹೆದರಿಸಬಾರದೆಂದು, ಅಥವಾ ನಾನೇ ಹೆದರಿ — ನುಂಗಿಕೊಂಡೆ.

ಕಬ್ಬು ಕಟಾವಿನವರು ನಮ್ಮ ಗದ್ದೆಗೆ ಇಳಿದ ಬೆಳಿಗ್ಗೆ ನೀನು ಬದುವಿನ ಮೇಲೆ ಕೂತು ಹೇಳಿದೆ: "ರಾತ್ರಿಯೆಲ್ಲ ಮೈ ಬೆವರ್ತದೆ ಕಣ್ಲಾ ಮಗ. ಪಂಚೆ ಹಿಂಡಂಗಾಯ್ತದೆ." ಕಬ್ಬು ಹೂಬಿಟ್ಟು ಒಣಗತೊಡಗಿತ್ತು. ನಾವು ಆಸ್ಪತ್ರೆಗೆ ಹೊರಟರೆ ಅವರು ಪಕ್ಕದ ಗದ್ದೆಗೆ ಹೋಗಿಬಿಡುತ್ತಾರೆ, ಮತ್ತೆ ಯಾವಾಗ ಸಿಗುತ್ತಾರೋ — "ಬಿಸ್ಲು ಕಾಲ ಕಣಪ್ಪ, ರಾತ್ರಿನೂ ಎಲ್ರಿಗೂ ಬೆವರ್ತದೆ ಬುಡು" ಎಂದುಬಿಟ್ಟೆ. ನೀನು ನಂಬಿದೆ. ಕಬ್ಬು ಸಾಗಿಸಿದ ಮೇಲೆ ಕೂಳೆ ಬೆಳೆಗೆ ನೀರು, ಗೊಬ್ಬರ, ಇನ್ನೊಂದು, ಮತ್ತೊಂದು... ನಿನ್ನ ಅಂಗಿ ಸಡಿಲವಾಗುತ್ತಿದ್ದುದನ್ನು ನೋಡಿಯೂ ನೋಡದವನಂತಿದ್ದೆ.

ನೀನು ಎದ್ದು ನಿಲ್ಲಲಾಗದಂತಾದಾಗ ಕರೆದೊಯ್ದೆ. "ಬೆವರು ಯಾವಾಗಿನಿಂದ? ತಕ್ಷಣ ಬನ್ನಿ ಅಂತ ಇವರಿಗೆ ಹೇಳಿದ್ದೆನಲ್ಲ" ಎಂದು ಡಾಕ್ಟರು ನನ್ನತ್ತ ನೋಡಿದರು. ನೀನೂ ನೋಡಿದೆ. ಆಮೇಲೆ ಅವರ ಕಡೆ ತಿರುಗಿ, "ಮೊನ್ನೆಯಿಂದ ಸಾ. ನಾನೇ ಇವನ್ಗೆ ಯೋಳಿರ್ನಿಲ್ಲ" ಅಂದುಬಿಟ್ಟೆಯಲ್ಲ ಅಪ್ಪ.

ಔಷಧಿ ಹಿಡಿಯಿತು. ಆದರೆ ಆ ತಡದಲ್ಲಿ ಹೋದ ಕಸುವು ಮರಳಲಿಲ್ಲ, ನೀನೀಗ ಗದ್ದೆಗಿಳಿಯುವುದಿಲ್ಲ. ಆ ದಿನದ ಮಾತನ್ನು ನೀನು ಎತ್ತಿಯೂ ಇಲ್ಲ. ಬೈದಿದ್ದರೆ... ಇಲ್ಲ, ಹಾಗೆ ಬಯಸುವುದೂ ನನ್ನ ಅನುಕೂಲಕ್ಕೇ. ಸಾಕಾಗಿದೆ ನನಗೆ, ಈ ಮಾತನ್ನು ಹೊತ್ತು.

ನಿನ್ನೆ ಸಂಜೆ ಜಗಲಿಯಲ್ಲಿ ಕೂತು ನೀನು ಕೇಳಿದೆ: "ಈ ಕಾಯ್ಲೆ ಕಡ್ದಾಯ್ತಲ್ಲಾ, ಇದೂ ಕೂಳೆ ಬತ್ತದೇನ್ಲಾ?"

ಕಡಿದ ಬುಡದಿಂದಲೇ ಕಬ್ಬು ಮತ್ತೆ ಚಿಗುರುವುದನ್ನು ಜೀವಮಾನವಿಡೀ ಕಂಡವನು ನೀನು. ಬರಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಬರಬೌದು ಕಣಪ್ಪ" ಎಂದೆ. ಏನೇನು ನೋಡಿಕೊಳ್ಳಬೇಕೆಂದು ಎಲ್ಲ ಹೇಳಿದೆ, ಬೆವರಿನದನ್ನೇ ಮೊದಲು. ನೀನು ತಲೆಯಾಡಿಸುತ್ತ ಕೇಳಿಸಿಕೊಂಡೆ.

ನಾಳೆ ರಕ್ತ ಪರೀಕ್ಷೆಗೆ ಹೋದಾಗ ನೀನೂ ಒಳಗೆ ಬಂದು ಕೂತಿರು, ಅಪ್ಪ. ಮೊನ್ನೆಯಿಂದ ಅಲ್ಲ, ಕಟಾವಿನವರು ಬಂದ ದಿನದಿಂದ ಎಂದು ನಿನ್ನೆದುರಿಗೇ ಡಾಕ್ಟರಿಗೆ ಹೇಳುತ್ತೇನೆ.