ಮಲ್ಲುವಿನ ಮೊಣಕೈ

ಮಲ್ಲು, ನಿನ್ನ ಬೌಲಿಂಗ್ ನಿಲ್ಲಿಸಿದವನು ನಾನು. ಅಂಪೈರ್ ಬರೀ ನೋಬಾಲ್ ಕೊಟ್ಟರು. ಕೊಡಿಸಿದ್ದು ನನ್ನ ನಾಲಿಗೆ.

ನಿನ್ನ ಬಲಗೈ ನೆಟ್ಟಗಾಗುವುದಿಲ್ಲ ಎಂದು ಶಹಾಬಾದಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಐದನೇ ಕ್ಲಾಸಿನಲ್ಲಿ ನೀನು ಕಲ್ಲಿನ ಖಣಿಯಲ್ಲಿ ಬಿದ್ದಾಗ ಜೊತೆಗಿದ್ದವನು ನಾನೇ. ಗುಂಡಗುರ್ತಿಯಲ್ಲಿ ಎಲುಬು ಕಟ್ಟುವವರ ಮುಂದೆ ನಿನ್ನ ಕಾಲು ಹಿಡಿದು ಕೂತವನೂ ನಾನೇ. ಎಲುಬು ಕೂಡಿತು, ಮೊಣಕೈ ಮಾತ್ರ ಕುಡಗೋಲಿನ ಹಾಗೆ ಬಾಗಿಯೇ ಉಳಿಯಿತು. ಬಾಗಿದ ಕೈಯಿಂದ ಬಾಲ್ ಹಾಕುವುದು ತಪ್ಪಲ್ಲ. ಮಡಚಿದ ಮೊಣಕೈಯನ್ನು ಹಾಕುವಾಗ ಬಿಚ್ಚಿದರೆ ಮಾತ್ರ ಅದು ಕಲ್ಲು ಬೀಸಿ ಒಗೆದ ಹಾಗೆ, ನೋಬಾಲ್. ನಿನ್ನದು ಬಿಚ್ಚುತ್ತಲೇ ಇರಲಿಲ್ಲವಲ್ಲ—

ವಾಡಿಯ ಪಂದ್ಯದಲ್ಲಿ ಅಂಪೈರ್ ನನ್ನನ್ನು ಬದಿಗೆ ಕರೆದು, ಇವನ ಕೈ ಯಾವಾಗಲೂ ಹೀಗೆಯೇ ಇರುತ್ತದೆಯೇ ಎಂದು ಕೇಳಿದರು. ಹೊಸ ಬಾಲ್ ಯಾವಾಗಲೂ ನಿನಗೆ, ಸವೆದದ್ದು ನನಗೆ. ಹೊಟ್ಟೆಕಿಚ್ಚು, ಬೇರೇನಿಲ್ಲ.

“ಪ್ರ್ಯಾಕ್ಟೀಸ್‌ನಾಗ ನೆಟ್ಟಗೇ ಇರ್ತದ್ರಿ,” ಎಂದೆ ನಾನು. ನೆಟ್ಟಗಾಗುವ ಕೈ ಎಂದಮೇಲೆ ಮಡಚಿ ಬಿಚ್ಚುತ್ತಾನೆ ಎಂದೇ ಅರ್ಥ.

ಒಂದೇ ಓವರಿನಲ್ಲಿ ನಾಲ್ಕು ನೋಬಾಲ್. ಕ್ಯಾಪ್ಟನ್ ಬಾಲನ್ನು ನಿನ್ನಿಂದ ತೆಗೆದು ನನಗೆ ಕೊಟ್ಟ. ನಾನು ತೆಗೆದುಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ... ಮರುದಿನ ನೀನು ನನ್ನೊಬ್ಬನನ್ನೇ ಮೈದಾನಕ್ಕೆ ಕರೆದೊಯ್ದೆ. ಹತ್ತು ಬಾಲ್ ಹಾಕಿ ನನ್ನ ಮುಂದೆ ಬಂದು ನಿಂತೆ. ಹಾಕುವಾಗ ನಿನ್ನ ಕೈ ನಿನಗೆ ಕಾಣುವುದಿಲ್ಲವಲ್ಲ.

“ನೀ ಖರೇ ಹೇಳು ದೋಸ್ತ. ನಾ ಒಗಿತೀನೇನು?”

“ಒಗಿತಿ,” ಎಂದುಬಿಟ್ಟೆ.

ನೀನು ಮತ್ತೆ ಬಾಲ್ ಮುಟ್ಟಲಿಲ್ಲ. ನಾನು ಎರಡು ವರ್ಷ ಹೊಸ ಬಾಲ್ ಹಾಕಿದೆ. ವಿಕೆಟ್ ಬಿದ್ದಾಗ ಓಡಿಬಂದು ಅಪ್ಪಿಕೊಳ್ಳಲು ನೀನಿರಲಿಲ್ಲ. ಈಗಲೂ ಸಂಜೆ ಒಬ್ಬನೇ ಹೋಗಿ ಗೋಡೆಗೆ ಬಾಲ್ ಹಾಕುತ್ತೇನೆ, ಮಾತಾಡಿಸುವವರಿಲ್ಲ. ಟಿವಿಯಲ್ಲಿ ಯಾವನದೋ ಮೊಣಕೈ ತೋರಿಸಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವವನು ನಾನು. ಎಷ್ಟೋ ಸಲ ನಿನ್ನ ಮನೆಯ ತನಕ ಬಂದು—ಹಾಗೇ ತಿರುಗಿದ್ದೇನೆ.

ಹೋದ ವಾರ ಸೇಡಂನಲ್ಲಿ ಆಕಸ್ಮಿಕವಾಗಿ ಸಿಕ್ಕಾಗ, ನಿನ್ನ ಬೀಗರಿಗೆ ನನ್ನನ್ನು ಪರಿಚಯಿಸುತ್ತ, ನನ್ನ ಭುಜದ ಮೇಲೆ ಕೈಯಿಟ್ಟು ನೀನು ಹೇಳಿದೆ:

“ನನ್ನ ಬೌಲಿಂಗ್ ಬಗ್ಗೆ ಎಲ್ಲಾರೂ ನನ್ನ ಮಾರಿ ನೋಡಿ ಚಲೋ ಮಾತಾಡಿದ್ರು. ಖರೇ ಹೇಳ್ದವ ಇವ ಒಬ್ಬನೇ ನೋಡ್ರಿ.”

ನಾಚಿಕೆಯಾಯಿತು, ಮಲ್ಲು. ಆಗಲೂ ನಿಜ ಹೇಳದೆ ಚಹಾ ಮುಗಿಸಿ ಎದ್ದು ಬಂದೆ.

ಈ ಭಾನುವಾರ ಬರುತ್ತೇನೆ. ಆ ಬೀಗರನ್ನೂ ಕರೆಸು, ಅವರೆದುರಿಗೇ ಹೇಳುತ್ತೇನೆ. ನೀನು ಯಾವತ್ತೂ ಒಗೆದವನಲ್ಲ. ಹತ್ತಕ್ಕೆ ಹತ್ತೂ ಬಾಲ್ ಸರಿಯಾಗಿಯೇ ಹಾಕಿದ್ದೆ. ನಾನು ಎದುರಿಗೇ ನಿಂತು ನೋಡಿದ್ದೆ.