ಮುಟ್ಟಬೇಡಿ, ಸೂಜಿ ಇದೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಸಿಗ್ನಲ್ ಬರುವುದಿಲ್ಲ. ಅದಕ್ಕೇ, ಅಲ್ಲಿ ಎಲ್ಲರೂ ಚಿಕ್ಕಮ್ಮ ಎನ್ನುವ ಆ ಹೆಂಗಸು, ಪರಭಾಷೆ ಕಲಿಸುವ ಒಂದು ಆ್ಯಪ್‌ನ ಕಾರ್ಡುಗಳನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಂಡು ಬರುತ್ತಿದ್ದಳು. ದುಡಿಯಲು ಬಂದ ಊರಿನ ಭಾಷೆ ಬೇಕಲ್ಲ. ಆದರೆ ಆ ಆ್ಯಪ್ ಕಲಿಸಿದ್ದೇನು? 'ರಾಜನ ಕುದುರೆ ಬಿಳಿ.' ರಾಜನ ಕುದುರೆ ಕಟ್ಟಿಕೊಂಡು ಇವಳಿಗೇನಾಗಬೇಕು? ಸಿಟ್ಟಿಗೆದ್ದು ಎಲ್ಲವನ್ನೂ ಅಳಿಸಿ, ಕೆಲಸಕ್ಕೆ ಬರುವ ಮಾತುಗಳ ಕಾರ್ಡುಗಳನ್ನು ತಾನೇ ಮಾಡಿಕೊಂಡಳು. ಮೊದಲನೆಯದು: 'ಮುಟ್ಟಬೇಡಿ, ಸೂಜಿ ಇದೆ.' ಯಂತ್ರ ತಿರುಗುವಷ್ಟು ಹೊತ್ತೂ ಅದೇ ಜಪ.

ಒಂದು ದಿನ ಮೇಲ್ವಿಚಾರಕ ಬಂದವನೇ ಹರಿಹಾಯ್ದ. "ಮೊಬೈಲ್ ನೋಡೋಕೆ ಸಂಬಳ ಕೊಡ್ತಾರಾ ಇಲ್ಲಿ?" ಎನ್ನುತ್ತ, ಅವಳು ಆಗಷ್ಟೇ ಸೂಜಿ ಕಂಡು ಪಕ್ಕಕ್ಕಿಟ್ಟಿದ್ದ ಬಟ್ಟೆಯ ಮೂಟೆಗೆ ಕೈ ಹಾಕಹೋದ.

"ಮುಟ್ಟಬೇಡಿ, ಸೂಜಿ ಇದೆ" ಎಂದಳು, ಅವನದೇ ಭಾಷೆಯಲ್ಲಿ.

ಅವನು ಕೈ ಹಿಂದಕ್ಕೆಳೆದುಕೊಂಡ. ಸೂಜಿಯನ್ನೂ ನೋಡಿದ. ಮೆಟ್ಟಿಲು ಹತ್ತಿ ಹೋದ.

ಮರುದಿನ ಬಾಗಿಲಿಗೆ ಆ ಊರಿನ ಭಾಷೆಯಲ್ಲಿ ಚೀಟಿ ಅಂಟಿಸಿದ್ದರು: 'ಕೆಲಸದ ವೇಳೆ ಮೊಬೈಲ್ ನಿಷೇಧ.' ಅದನ್ನು ಓದಬಲ್ಲವಳು ಆ ಕೋಣೆಯಲ್ಲಿ ಅವಳೊಬ್ಬಳೇ. ಏನಂತೆ ಎಂದು, ಅವಳಂತೆಯೇ ಹೊರಗಿನಿಂದ ದುಡಿಯಲು ಬಂದ ಜೊತೆಯವರು ಕೇಳಿದರು.

"ಇನ್ಮೇಲೆ ನಾವ್ಯಾರೂ ಇದನ್ನ ಓದೋಕೆ ಕಲೀಬಾರದಂತೆ" ಎಂದಳು.